ಮದುಮಗನ ಶೇರ್ವಾನಿ

"ಶೇರ್ವಾನಿ ನಮ್ಮ ಕಡೆಯಿಂದ. ಬಟ್ಟೆ, ಹೊಲಿಗೆ ಸೇರಿ ಎಷ್ಟಾಗುತ್ತದೆ ಹೇಳಿಬಿಡಿ" ಎಂದರು ತಿ. ನರಸೀಪುರದಿಂದ ಬಂದಿದ್ದ ಹುಡುಗಿಯ ತಂದೆ. ನಮ್ಮಲ್ಲಿ ಅನೇಕ ಕಡೆ ಮದುಮಗನ ಉಡುಪಿನ ಖರ್ಚು ಹೆಣ್ಣಿನ ಮನೆಯವರ ತಲೆಗೇ ಬೀಳುತ್ತದೆ. ನಂಜನಗೂಡಿನ ನಮ್ಮ ಮನೆಯಲ್ಲಿ ಚಹಾದ ಲೋಟ ಹಿಡಿದು ಕುಳಿತಿದ್ದ ಆ ಹಿರಿಯರ ಮುಖ ನೋಡಿ ನನ್ನ ಕಿರಿಯ ಮಗ, "ಬೇಡ ಮಾಮು, ನಾನು ತೊಡುವುದನ್ನು ನಾನೇ ಹೊಲಿಸಿಕೊಳ್ಳುತ್ತೇನೆ" ಎಂದ. ಹೇಳಿದ್ದು ಸುಲಭ. ಹೊಲಿಸುವುದು ಹೇಗೆಂದು ನಮಗೂ ಗೊತ್ತಿರಲಿಲ್ಲ.

ಹಿರಿಯವನ ನಿಕಾಹ್‌ಗೆ ಸಿದ್ಧ ಶೇರ್ವಾನಿ ತಂದಿದ್ದೆವು. ಎದೆಗೆ ಸರಿಯಾಗಿತ್ತು, ಭುಜ ಮಾತ್ರ ಬಿಗಿ. ದುಆಕ್ಕೆ ಕೈಯೆತ್ತಿದಾಗ ಕಂಕುಳಿನ ಹೊಲಿಗೆ ಬಿಟ್ಟು, ಪಾಪ, ವಲೀಮದವರೆಗೂ ಕೈ ಮಡಿಚಿಕೊಂಡೇ ಇದ್ದ.

ಈ ಸಲ ಎರಡು ತಿಂಗಳು ಮೊದಲೇ ದರ್ಜಿಯ ಬಳಿ ಹೋದೆವು. ಮೊದಲ ಪ್ರಶ್ನೆ ಬಟ್ಟೆಯದು. "ನರಸೀಪುರದ ಅಳಿಯನಿಗೆ ರೇಷ್ಮೆಯೇ ಆಗಬೇಕು" ಎಂದು ನೆಂಟರ ತಮಾಷೆ. ಅಲ್ಲಿನ ಸರಕಾರಿ ಫಿಲೇಚರ್‌ನಲ್ಲಿ ಬಿಚ್ಚಿದ ನೂಲೇ 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಗೆ ಹೋಗುವುದು. ಆದರೆ ಶುದ್ಧ ರೇಷ್ಮೆಯನ್ನೂ ಚಿನ್ನವನ್ನೂ ಪ್ರವಾದಿ(ಸ) ಪುರುಷರಿಗೆ ನಿಷೇಧಿಸಿ ಸ್ತ್ರೀಯರಿಗೆ ಅನುಮತಿಸಿದ್ದಾರೆ. ಗಂಡಸರಿಗೆ ನಾಲ್ಕು ಬೆರಳಗಲದ ಅಂಚಿನವರೆಗೆ ಮಾತ್ರ ರಿಯಾಯಿತಿ. ಗುಜರಾತಿನ ನೇಕಾರರು ಮೇಲೆ ರೇಷ್ಮೆ, ಮೈಗೆ ತಾಗುವಲ್ಲಿ ಹತ್ತಿ ಬರುವಂತೆ ನೇಯ್ದು ಅದಕ್ಕೆ ಮಶ್ರೂ ಎಂದು ಹೆಸರಿಟ್ಟದ್ದು ಈ ಕಾರಣಕ್ಕೇ. ಅಂಗಡಿಯಲ್ಲಿ 'ಸಿಲ್ಕ್' ಎಂದು ಕೊಡುವುದೆಲ್ಲ ರೇಷ್ಮೆಯಲ್ಲ ಎಂಬುದೂ ನೆನಪಿರಲಿ. ಒಂದೆಳೆ ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನಾವು ಕೆನೆಬಣ್ಣದ ಟೆರಿವುಲ್ ಆರಿಸಿದೆವು. 58 ಇಂಚು ಪನ್ನಾದ ಬಟ್ಟೆ 3 ಮೀಟರ್ ಸಾಕಾಯಿತು. 44 ಇಂಚಿನದಾಗಿದ್ದರೆ 4 ಬೇಕಿತ್ತಂತೆ. ಗುಂಡಿಗಳು ಹಿತ್ತಾಳೆಯವು.

ಅಳತೆಯ ದಿನ ಮಾಸ್ಟರ್ ಮೊದಲು ಕೇಳಿದ್ದು, "ಒಳಗೆ ಹಾಕುವ ಕುರ್ತಾ ಎಲ್ಲಿ?" ಅದರ ಮೇಲೆಯೇ ಟೇಪು ಹಿಡಿಯಬೇಕು. ಫೋಟೋಗೆ ನಿಂತಂತೆ ಹೊಟ್ಟೆ ಎಳೆದುಕೊಂಡಿದ್ದ ಮಗನಿಗೆ, "ಉಸಿರು ಬಿಡಪ್ಪಾ, ಮದುವೆಯಲ್ಲಿ ಬಿರಿಯಾನಿ ತಿನ್ನುವುದಿಲ್ಲವೇ?" ಎಂದರು. ಭುಜವನ್ನು ಮೂಳೆಯಿಂದ ಮೂಳೆಗೆ, ತೋಳನ್ನು ಮೊಣಕೈ ಸ್ವಲ್ಪ ಮಡಿಸಿ ಮಣಿಕಟ್ಟಿನವರೆಗೆ ಅಳೆದರು. ಎದೆಯ ಸುತ್ತಳತೆಗೆ 4 ಇಂಚು ಸಡಿಲ ಸೇರಿಸಿದರು. ಕಾಲರಿನೊಳಗೆ ಎರಡು ಬೆರಳು ಹೋಗಬೇಕು, ಇಲ್ಲದಿದ್ದರೆ ಹಾರ ಬಿದ್ದ ಮೇಲೆ ಉಸಿರುಗಟ್ಟುತ್ತದೆ. ಉದ್ದ ಮೊಣಕಾಲು ಮುಚ್ಚುವಷ್ಟು. ಅದನ್ನು ಮಾತ್ರ ಆ ದಿನ ಹಾಕುವ ಮೋಜಡಿ ತೊಟ್ಟೇ ನೋಡಬೇಕು.

ಕಚ್ಚಾ ಹೊಲಿಗೆಯ ಟ್ರಯಲ್ ಬಿಡಬೇಡಿ, ಸಹೋದರಿಯರೇ. ಕನ್ನಡಿಯ ಮುಂದೆ ನಿಂತರೆ ಯಾವ ಬಟ್ಟೆಯೂ ಚೆಂದವೇ. ನಮ್ಮ ಮಾಸ್ಟರ್ ಅವನಿಂದ ತಕ್ಬೀರಿಗೆ ಕೈಯೆತ್ತಿಸಿದರು, ರುಕೂ ಮಾಡಿಸಿದರು, ಚಕ್ಕಳಮಕ್ಕಳ ಕೂರಿಸಿದರು. ಕೂತಾಗ ಪಕ್ಕದ ಸೀಳು ಸಾಲದೆ ಬಟ್ಟೆ ಎಳೆಯಿತು. ಅಲ್ಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ 2 ಇಂಚು ಮೇಲಕ್ಕೆ ಬಿಚ್ಚಿದರು.

ನಿಕಾಹ್ ದಿನ ಮಾಮು ಬಂದು ಅಳಿಯನ ತೋಳು ಸವರಿ, "ಎಷ್ಟಾಯಿತು?" ಎಂದು ಮತ್ತೆ ಕೇಳಿದರು. ಮಗ ಹೇಳಲಿಲ್ಲ. ಮಾಸ್ಟರ್ ಪಕ್ಕದ ಹೊಲಿಗೆಯೊಳಗೆ ಒಂದು ಇಂಚು ಬಟ್ಟೆ ಮಡಿಸಿಟ್ಟಿದ್ದಾರೆ. ಮದುವೆಯಾದ ಹುಡುಗರು ದಪ್ಪಗಾಗುತ್ತಾರಂತೆ!