ಒಂದೇ ಸಾಲು, ಇಬ್ಬರ ಕೈ

ಸಾವಳಗಿಯ ಹಿರಿಯರಿಗೆ ತಲಾಟಿಯ ದಪ್ಪ ರಿಜಿಸ್ಟರಿನ ನೆನಪಿದ್ದೀತು. ಅದು ಇದ್ದದ್ದು ಒಂದೇ. ತಲಾಟಿ ಅದನ್ನು ಬಿಚ್ಚಿ ಬರೆಯುತ್ತಿದ್ದಾಗ ಉತಾರ ಬೇಕಾದವರು ಕಟ್ಟೆಯ ಮೇಲೆ ಕಾಯುತ್ತಿದ್ದರು. ಬೇಸರದ ಕೆಲಸ, ನಿಜ. ಆದರೆ ಒಂದೇ ಸಾಲಿನಲ್ಲಿ ಇಬ್ಬರು ಏಕಕಾಲಕ್ಕೆ ಬರೆಯುವ ಅನಾಹುತ ಮಾತ್ರ ಆಗುತ್ತಿರಲಿಲ್ಲ.

2001ರ ಹೊತ್ತಿಗೆ 'ಭೂಮಿ' ಯೋಜನೆಯಡಿ ರಾಜ್ಯದ ಪಹಣಿಗಳು ಗಣಕಯಂತ್ರ ಸೇರತೊಡಗಿದವು. ಬ್ಯಾಂಕುಗಳ ಲೆಜರುಗಳೂ ಅದೇ ದಾರಿ ಹಿಡಿದವು. ಈಗ ಒಂದೇ ಕೋಷ್ಟಕಕ್ಕೆ ನೂರಾರು ಕಡೆಯಿಂದ ಒಮ್ಮೆಲೇ ಕೈ ಹಾಕಬಹುದು. ತೊಡಕು ಹುಟ್ಟುವುದೇ ಇಲ್ಲಿ.

ರೈತನೊಬ್ಬನ ಖಾತೆಯಲ್ಲಿ 10,000 ರೂಪಾಯಿ ಇದೆಯೆನ್ನಿ. ಕಬ್ಬಿನ ಬಿಲ್ಲು 40,000 ಜಮೆಯಾಗಬೇಕು. ಅದೇ ಗಳಿಗೆಯಲ್ಲಿ ಮಗ ಜಮಖಂಡಿಯ ಎ.ಟಿ.ಎಂ.ನಲ್ಲಿ 3,000 ತೆಗೆಯುತ್ತಾನೆ. ಎರಡೂ ಕಡೆಯ ಪ್ರೋಗ್ರಾಮುಗಳು 10,000 ಎಂದೇ ಓದಿಕೊಂಡವು. ಮೊದಲನೆಯದು ಲೆಕ್ಕ ಹಾಕಿ 50,000 ಬರೆಯಿತು. ಬೆನ್ನಿಗೇ ಎರಡನೆಯದು 7,000 ಬರೆಯಿತು. ವರ್ಷದ ಬೆವರೆಲ್ಲ ಮಾಯ! ಉಳಿಯಬೇಕಾದದ್ದು 47,000.

ಇದನ್ನು ತಡೆಯುವುದೇ ಸಾಲಿನ ಬೀಗ, ಅಂದರೆ ರೋ ಲಾಕ್. ತಿದ್ದುವ ಉದ್ದೇಶದಿಂದ ಸಾಲನ್ನು ಓದುವವನು 'ಸೆಲೆಕ್ಟ್ ಫಾರ್ ಅಪ್‌ಡೇಟ್' ಎಂದು ಕೇಳಿದರೆ ಆ ಸಾಲಿಗೆ ಬೀಗ ಬೀಳುತ್ತದೆ. ಹಾಗೆಯೇ ಕೇಳುವ ಎರಡನೆಯವನು ಕಾಯಬೇಕು. ಮೊದಲನೆಯವನ ಕೆಲಸ 'ಕಮಿಟ್' ಆದೊಡನೆ ಬೀಗ ಬಿಚ್ಚಿ, ಎರಡನೆಯವನಿಗೆ ಹೊಸ ಮೊತ್ತ 50,000 ಸಿಗುತ್ತದೆ. ಇಡೀ ಕೋಷ್ಟಕಕ್ಕೆ ಬೀಗ ಜಡಿದರೆ ಊರೆಲ್ಲ ಕಾಯಬೇಕಾದೀತು. ಸಾಲಿಗಷ್ಟೇ ಜಡಿದರೆ ಉಳಿದವರ ಖಾತೆ ಮುಕ್ತ. ಬೀಗ ಎಷ್ಟು ದೊಡ್ಡದಿರಬೇಕೆಂಬ ಈ ಪ್ರಶ್ನೆಯನ್ನು 1970ರ ದಶಕದಲ್ಲಿ ಐ.ಬಿ.ಎಂ.ನ ಜಿಮ್ ಗ್ರೇ ಮತ್ತು ಸಂಗಡಿಗರು ಆಳವಾಗಿ ವಿಚಾರಿಸಿದರು. ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಬೀಗಕ್ಕೂ ತನ್ನದೇ ಪೇಚಾಟವಿದೆ. ಅಣ್ಣ ತಮ್ಮನಿಗೆ, ತಮ್ಮ ಅಣ್ಣನಿಗೆ ಒಂದೇ ಕ್ಷಣ ಹಣ ಕಳಿಸಿದರೆನ್ನಿ. ಇಬ್ಬರೂ ಮೊದಲು ತಮ್ಮ ತಮ್ಮ ಖಾತೆಗೆ ಬೀಗ ಹಾಕಿ, ಇನ್ನೊಬ್ಬನ ಖಾತೆಗಾಗಿ ಕಾಯುತ್ತಾರೆ. ಇಕ್ಕಟ್ಟಿನ ಹೊಲದ ದಾರಿಯಲ್ಲಿ ಎದುರುಬದುರಾದ ಎರಡು ಚಕ್ಕಡಿಗಳ ಹಾಗೆ. ಇದೇ 'ಡೆಡ್‌ಲಾಕ್'. ಸಾಮಾನ್ಯವಾಗಿ ತಂತ್ರಾಂಶವೇ ಇದನ್ನು ಗುರುತಿಸಿ ಒಂದು ವ್ಯವಹಾರವನ್ನು ರದ್ದು ಮಾಡುತ್ತದೆ. ಅದನ್ನು ಮತ್ತೆ ಮೊದಲಿನಿಂದ ನಡೆಸಬೇಕು. ಯಾವಾಗಲೂ ಚಿಕ್ಕ ಸಂಖ್ಯೆಯ ಖಾತೆಗೇ ಮೊದಲ ಬೀಗ ಎಂಬ ನಿಯಮವಿಟ್ಟುಕೊಂಡರೆ ಈ ಜಗ್ಗಾಟವೇ ಇಲ್ಲ.

ಇನ್ನು ಗುಮಾಸ್ತನು ಸಾಲಿಗೆ ಬೀಗ ಹಾಕಿ ಚಹಾಕ್ಕೆ ಎದ್ದುಹೋದರೆ? ಅದಕ್ಕೇ, ಮನುಷ್ಯ ಯೋಚಿಸುವಷ್ಟು ಹೊತ್ತು ಬೀಗ ಹಿಡಿದಿರಬಾರದು. ಅಂಥಲ್ಲಿ ಪ್ರತಿ ಸಾಲಿಗೂ ಒಂದು ಆವೃತ್ತಿ ಸಂಖ್ಯೆ ಇಟ್ಟಿರುತ್ತಾರೆ. ಬರೆಯುವಾಗ ಆ ಸಂಖ್ಯೆ ಓದಿದಾಗಿನದೇ ಆಗಿದ್ದರೆ ಸರಿ. ಬದಲಾಗಿದ್ದರೆ ಮತ್ತೆ ಓದಿಯೇ ಬರೆಯಬೇಕು.