ದಂಡಿನ ಸವಾರ ಕತ್ತಿ ಬಿಟ್ಟು ಪಿಸ್ತೂಲು ಹಿಡಿದದ್ದು

ಹೊಸ ತಿಪ್ಪಸಂದ್ರದ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳುತ್ತಾ ನಿಂತಾಗ ತಲೆಯ ಮೇಲೆ ಎಚ್‌ಎಎಲ್ ಕಡೆಯಿಂದ ಯುದ್ಧವಿಮಾನ ಗುಡುಗಿಕೊಂಡು ಹೋಗುತ್ತದೆ. ಎಲ್ಲರೂ ಕತ್ತೆತ್ತುತ್ತೇವೆ. ಆದರೆ ಮುಷ್ಟಿಯಲ್ಲಿ ಹಿಡಿಯುವ ಪುಟ್ಟ ಆಯುಧವೊಂದರ ಬೆರಗಿನ ಕಥೆಗೂ ಇಲ್ಲೇ ಪಕ್ಕದ ದಂಡಿಗೂ ನಂಟಿದೆ ಎಂದು ತಿಳಿದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ!

1896ರ ಅಕ್ಟೋಬರ್. ನಾಲ್ಕನೇ ಹುಸಾರ್ಸ್ ಅಶ್ವದಳದೊಂದಿಗೆ ಬೆಂಗಳೂರಿಗೆ ಹೊರಟಿದ್ದ 21ರ ಹರೆಯದ ವಿನ್‌ಸ್ಟನ್ ಚರ್ಚಿಲ್ ಮುಂಬಯಿಯ ಸಸೂನ್ ಡಾಕ್‌ನಲ್ಲಿ ದೋಣಿಯಿಂದ ಇಳಿಯುತ್ತಿದ್ದ. ಗೋಡೆಯ ಕಬ್ಬಿಣದ ಬಳೆಯನ್ನು ಹಿಡಿದನೋ ಇಲ್ಲವೋ, ಅಲೆ ದೋಣಿಯನ್ನು ಎಳೆದುಬಿಟ್ಟಿತು. ಬಲಭುಜದ ಕೀಲು ತಪ್ಪಿತು. ಬೆಂಗಳೂರಿನಲ್ಲಿ ಆ ತೋಳನ್ನು ಬಿಗಿದುಕೊಂಡೇ ಪೋಲೊ ಆಡಿದ. ಕತ್ತಿ ಬೀಸುವುದು ಹೇಗೆ? 1898ರಲ್ಲಿ ಲಂಡನ್ನಿಗೆ ಹೋದವನು ಹೊಚ್ಚಹೊಸ ಜರ್ಮನ್ ಪಿಸ್ತೂಲು ಮೌಸರ್ ಸಿ96 ಕೊಂಡ. ಅದೇ ವರ್ಷದ ಸೆಪ್ಟೆಂಬರ್ 2ರಂದು ಸೂಡಾನಿನ ಒಮ್ದುರ್ಮಾನ್ ಕದನದಲ್ಲಿ ಕತ್ತಿಯನ್ನು ಒರೆಗೆ ಸೇರಿಸಿ, ಓಡುವ ಕುದುರೆಯ ಮೇಲೆ ಆ ಪಿಸ್ತೂಲನ್ನೇ ಹಿರಿದ!

ಆಗ ಬ್ರಿಟಿಷ್ ಸೇನೆಯ ರಿವಾಲ್ವರ್ ಎಂದರೆ .455 ವೆಬ್ಲಿ. ಅದರಲ್ಲಿ ಆರು ಗುಂಡು, ಮೌಸರ್‌ನಲ್ಲಿ ಹತ್ತು. ಲೆಕ್ಕ ಹಾಕಿದೆ, ಮೈ ಜುಮ್ಮೆಂದಿತು. ವೆಬ್ಲಿಯ ಸೀಸದ ಗುಂಡು ಸುಮಾರು 17 ಗ್ರಾಂ, ವೇಗ ಸೆಕೆಂಡಿಗೆ 180 ಮೀಟರ್ ಚಿಲ್ಲರೆ. ಮೌಸರ್‌ನದು ಬರೀ ಐದೂವರೆ ಗ್ರಾಂ, ವೇಗ 430ರ ಆಸುಪಾಸು! ಮೂರನೇ ಒಂದು ಪಾಲು ತೂಕದ ಗುಂಡು ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಹೊತ್ತು ಹಾರುತ್ತದೆ. ನೂಕುಬಲದಲ್ಲಿ ಮಾತ್ರ ದಪ್ಪಗುಂಡೇ ಮುಂದು. ಇನ್ನು ಮೌಸರ್‌ನ ಹೊಟ್ಟೆ ನೋಡಬೇಕು: ಹಿಡಿಯ ಮರದ ಪಟ್ಟಿಗಳದ್ದು ಬಿಟ್ಟರೆ ಒಂದು ಸ್ಕ್ರೂ ಇಲ್ಲ, ಭಾಗಗಳೆಲ್ಲ ಒಂದರೊಳಗೊಂದು ಕೂತು ಬೀಗ ಹಾಕಿಕೊಳ್ಳುತ್ತವೆ.

ಆದರೂ ನಂಬಿಕೆಗೆ ನನ್ನ ಮತ ಹಳೆಯದಕ್ಕೇ. ರಿವಾಲ್ವರ್‌ನಲ್ಲಿ ಒಂದು ತೋಟಾ ಠುಸ್ಸಾದರೆ ಮತ್ತೆ ಟ್ರಿಗರ್ ಎಳೆದರಾಯಿತು, ಇನ್ನೊಂದು ತಿರುಗಿ ಬರುತ್ತದೆ. ಮೌಸರ್‌ನಲ್ಲಿ ಹಾರಿದ ಗುಂಡಿನ ಒದೆತವೇ ಮುಂದಿನದನ್ನು ತಂದಿಡಬೇಕು. ಠುಸ್ಸಾದರೆ ಇನ್ನೊಂದು ಕೈಯಿಂದ ಎಳೆದು ಹೊರಹಾಕಬೇಕು. ಲಗಾಮು ಹಿಡಿದವನಿಗೆ ಆ ಇನ್ನೊಂದು ಕೈ ಎಲ್ಲಿಂದ ಬರಬೇಕು?

ಎರಡರ ನಡುವಿನ ಹದವನ್ನು ನಾನು ಕಾಣುವುದು ಜಾನ್ ಬ್ರೌನಿಂಗ್ ಆರಂಭಿಸಿ, ಅವರ ಸಾವಿನ ಬಳಿಕ ಡ್ಯೂಡೊನೆ ಸೈವ್ ಮುಗಿಸಿದ 1935ರ ಬೆಲ್ಜಿಯಂ ಪಿಸ್ತೂಲಿನಲ್ಲಿ. ಗುಂಡು ಏಳೂವರೆ ಗ್ರಾಂ, ಹಿಡಿಯೊಳಗೆ 13. ಬಂಗಾಳದ ಇಛಾಪುರ ಕಾರ್ಖಾನೆಯಲ್ಲಿ ‘9 ಎಂಎಂ 1ಎ’ ಆಗಿ ತಯಾರಾಗಿ ನಮ್ಮ ಸೈನಿಕರ ಸೊಂಟಕ್ಕೆ ಬಂದದ್ದು ಅದರದೇ ಮಾದರಿ!

ಚರ್ಚಿಲ್‌ನ ಮೌಸರ್? 1899ರ ನವೆಂಬರ್ 15ರಂದು ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಸವಾರನೊಬ್ಬ ಬಂದೂಕು ಗುರಿಯಿಟ್ಟಾಗ ಚರ್ಚಿಲ್‌ನ ಕೈ ಸೊಂಟಕ್ಕೆ ಹೋಯಿತು. ಪಿಸ್ತೂಲನ್ನು ರೈಲಿನ ಎಂಜಿನ್ನಿನಲ್ಲೇ ಬಿಟ್ಟು ಬಂದಿದ್ದ. ಎರಡೂ ಕೈ ಎತ್ತಿ ಸೆರೆಯಾದ.