ಕಲ್ಲಿಕೋಟೆಗೆ ಹೋದರೆ ಕುಟ್ಟಿಚ್ಚಿರ ನೋಡಿ ಬನ್ನಿ

ಕಲ್ಲಿಕೋಟೆ ನಮ್ಮ ಬ್ಯಾರಿಗಳಿಗೆ ಹೊಸ ಊರೇನಲ್ಲ. ಯಾರನ್ನೋ ಆಸ್ಪತ್ರೆಗೆ ಕರ್ಕೊಂಡು ಹೋಗಿರುತ್ತೇವೆ, ಮದುವೆ ಬಟ್ಟೆ ತರಲು ಹೋಗಿರುತ್ತೇವೆ, ಇಲ್ಲವೇ ಗಲ್ಫ್ ವಿಮಾನ ಹತ್ತಲು ಕರಿಪ್ಪೂರಿಗೆ ಹೋಗಿರುತ್ತೇವೆ. ಕೆಲಸ ಮುಗಿಸಿ, ಬಿರಿಯಾನಿ ತಿಂದು, ಒಂದು ಕಿಲೋ ಹಲ್ವ ಕಟ್ಟಿಸಿಕೊಂಡು ವಾಪಸ್. ನಾವೂ ಎಷ್ಟೋ ಸಲ ಹೀಗೇ ಮಾಡಿದವರು. ಈ ಬಾರಿ ಮಾತ್ರ ಮನೆಮಂದಿಯೆಲ್ಲ ಸೇರಿ ಊರು ನೋಡುವುದಕ್ಕೆಂದೇ ಹೊರಟೆವು.

ನಸುಕಿನಲ್ಲಿ ಮಂಗಳೂರು ಸೆಂಟ್ರಲ್‌ನಿಂದ ಪರಶುರಾಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆಯೇ ಕಲ್ಲಿಕೋಟೆ. ನಿಲ್ದಾಣದಿಂದ ಕುಟ್ಟಿಚ್ಚಿರಕ್ಕೆ ಆಟೋದಲ್ಲಿ ಸ್ವಲ್ಪವೇ ದೂರ. ಹಳೆ ಸಗಟು ಮಾರುಕಟ್ಟೆ ವಲಿಯಂಗಾಡಿಯ ಗಲ್ಲಿಗಳು ಅಲ್ಲೇ ಹತ್ತಿರ. ನಮ್ಮ ಬಂದರಿನ ಹಾಗೇ ಗೋಣಿಚೀಲ, ಕೈಗಾಡಿ, ಮಸಾಲೆಯ ಘಾಟು.

ಕುಟ್ಟಿಚ್ಚಿರ ಎಂದರೆ ಒಂದು ದೊಡ್ಡ ಕೆರೆ, ಸುತ್ತಲೂ ಹಳೆ ಪಳ್ಳಿಗಳು, ದೊಡ್ಡ ದೊಡ್ಡ ತರವಾಡು ಮನೆಗಳು. ಇಲ್ಲಿನ ಕೋಯ ಕುಟುಂಬಗಳಲ್ಲಿ ಮನೆತನ ಹೆಣ್ಣಿನ ಕಡೆಯಿಂದ ಸಾಗಿಬಂದದ್ದು. ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರುವವನು. ನಮ್ಮ ಹಿರಿಯರು ಹೇಳುತ್ತಿದ್ದ ‘ಇಲ್ಲ’ಗಳ ಲೆಕ್ಕವೂ ತಾಯಿಯ ಕಡೆಯದ್ದೇ ಅಲ್ವಾ? ನಮ್ಮ ಉಮ್ಮ ಕೆರೆಯ ದಂಡೆಯಲ್ಲಿ ಕೂತು ಅಲ್ಲಿನ ಅಜ್ಜಿಯೊಬ್ಬರ ಜೊತೆ ಅರ್ಧ ಗಂಟೆ ಮಾತಾಡಿದರು. ಇವರದ್ದು ಬ್ಯಾರಿ, ಅವರದ್ದು ಮಲಯಾಳ. ಇಬ್ಬರಿಗೂ ಏನೂ ತೊಂದರೆಯಾಗಲಿಲ್ಲ!

ಕೆರೆಯ ಬಳಿಯೇ ಮಿಶ್ಕಾಲ್ ಪಳ್ಳಿ. ಮಿನಾರವಿಲ್ಲ, ಗುಮ್ಮಟವಿಲ್ಲ. ಮಹಡಿಯ ಮೇಲೆ ಮಹಡಿ, ಮರದ ಕೆತ್ತನೆ, ಹೆಂಚಿನ ಮಾಡು. ದೂರದಿಂದ ನೋಡಿದರೆ ದೇವಸ್ಥಾನವೋ ಅರಮನೆಯೋ ಅನ್ನಿಸಬೇಕು. ಇದನ್ನು ಕಟ್ಟಿಸಿದವರು 14ನೇ ಶತಮಾನದ ಹಡಗು ವ್ಯಾಪಾರಿ ಮಿಶ್ಕಾಲ್. ಆ ಕಾಲದಲ್ಲಿ ಬಂದಿದ್ದ ಇಬ್ನ್ ಬತೂತ ಈ ಶ್ರೀಮಂತನ ಹೆಸರನ್ನು ಬರೆದಿಟ್ಟಿದ್ದಾನೆ. ಅದೇ ಪ್ರವಾಸಿ ನಮ್ಮ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದೂ ಬರೆದಿದ್ದಾನೆ.

1510ರಲ್ಲಿ ಪೋರ್ಚುಗೀಸರು ಊರಿಗೆ ನುಗ್ಗಿ ಈ ಪಳ್ಳಿಗೆ ಬೆಂಕಿ ಹಚ್ಚಿದರು. 1571ರಲ್ಲಿ ಸಾಮೂದಿರಿ ರಾಜನ ಸೈನ್ಯ ಚಾಲಿಯಂನ ಪೋರ್ಚುಗೀಸ್ ಕೋಟೆಯನ್ನು ಗೆದ್ದು ಕೆಡವಿತು. ಅಲ್ಲಿನ ಮರಮಟ್ಟನ್ನು ತಂದು ಪಳ್ಳಿಯನ್ನು ದುರಸ್ತಿ ಮಾಡಿದರು. ಹಿಂದೂ ರಾಜನ ಸೈನ್ಯ ಕೆಡವಿದ ಕೋಟೆಯ ಮರದಲ್ಲಿ ಪಳ್ಳಿ ಮತ್ತೆ ಎದ್ದು ನಿಂತದ್ದು! ಹತ್ತಿರದ ಮುಚ್ಚುಂದಿ ಪಳ್ಳಿಯಲ್ಲಿ ಸಾಮೂದಿರಿ ನೀಡಿದ ದಾನದ ಶಿಲಾಶಾಸನವಿದೆ. ಅದರಲ್ಲಿ ಅರಬಿಯೂ ಇದೆ, ಹಳೆ ಮಲಯಾಳವೂ ಇದೆ. ನಮಾಝಿನ ಹೊತ್ತು ಬಿಟ್ಟು ಹೋಗಿ, ಅಲ್ಲಿದ್ದವರನ್ನು ಕೇಳಿಯೇ ಒಳಗೆ ಹೋಗಿ. ನಮ್ಮ ಹೆಂಗಸರು ಹೊರಗಿನಿಂದ ನೋಡಿ ಕೆರೆಯ ಬಳಿ ಕೂತರು.

ಮಧ್ಯಾಹ್ನದ ಮೇಲೆ ಬೇಪೂರಿಗೆ ಹೋಗಬಹುದು. ಸುಮಾರು ಹತ್ತು ಕಿಲೋಮೀಟರ್. ಚಾಲಿಯಾರ್ ನದಿಯ ದಡದಲ್ಲಿ ಮರದ ‘ಉರು’ ಹಡಗು ಕಟ್ಟುವ ಊರು ಅದು. ನೀಲನಕ್ಷೆ ಇಲ್ಲದೆ ಮೇಸ್ತ್ರಿಗಳು ಬಾಯಿಲೆಕ್ಕದಲ್ಲೇ ಹಡಗು ಕಟ್ಟುತ್ತಿದ್ದರು. ವೈಕಂ ಮುಹಮ್ಮದ್ ಬಶೀರ್ ಕೊನೆಯವರೆಗೆ ಬಾಳಿದ್ದೂ ಬೇಪೂರಿನಲ್ಲೇ. ಸಂಜೆಗೆ ಬೀಚ್. ಕಲ್ಲುಮ್ಮಕ್ಕಾಯ, ಉಪ್ಪಿನಲ್ಲಿ ಹಾಕಿದ ನೆಲ್ಲಿಕಾಯಿ, ಒಂದು ಸುಲೈಮಾನಿ. ಹಲ್ವ ಬೇಕಿದ್ದರೆ ಮಿಠಾಯಿ ತೆರುವಿಗೆ ಹೋಗಿ.

ವಾಪಸ್ ರೈಲಿನಲ್ಲಿ ನಮಗೆ ನೆನಪಾದದ್ದು ನಮ್ಮೂರಿನ ಹಳೆ ಪಳ್ಳಿ. ಅದಕ್ಕೂ ಮರದ ಕಂಬ, ಹೆಂಚಿನ ಮಾಡು, ಕಲ್ಲಿನ ಹೌಳು ಇತ್ತು. ಜಮಾಅತ್ ದೊಡ್ಡದಾಯಿತು, ಜುಮಾಕ್ಕೆ ಜಾಗ ಸಾಲದಾಯಿತು, ಕೆಡವಿ ಕಾಂಕ್ರೀಟಿನದ್ದು ಕಟ್ಟಿದೆವು. ಜಾಗ ಬೇಕಿದ್ದದ್ದು ಸುಳ್ಳಲ್ಲ. ಆದರೆ ಆ ಕೆತ್ತನೆಯ ಬಾಗಿಲು ಎಲ್ಲಿ ಹೋಯಿತೆಂದು ಅಂದು ಒಬ್ಬರೂ ಕೇಳಲಿಲ್ಲ. ಕೇಳದವರಲ್ಲಿ ನಾವೂ ಇದ್ದೆವು. ಇಂದು ಮಕ್ಕಳಿಗೆ ತೋರಿಸಲು ಒಂದು ಫೋಟೊ ಕೂಡ ನಮ್ಮ ಬಳಿ ಇಲ್ಲ. ಮಿಶ್ಕಾಲ್ ಪಳ್ಳಿ ನೋಡಿದ ಮಗ, “ನಮ್ಮದೂ ಹೀಗೇ ಇತ್ತಾ?” ಅಂತ ಕೇಳಿದಾಗ ಬಾಯಿಮಾತಿನಲ್ಲೇ ವಿವರಿಸಬೇಕಾಯಿತು.

ಕರಾವಳಿಯಲ್ಲಿ ಹಳೆಯ ಪಳ್ಳಿಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗಿನ ಮರದ ಕಂಬಗಳನ್ನು ಒಮ್ಮೆ ನಿಧಾನಕ್ಕೆ ನೋಡಿ. ಟಿಪ್ಪುವಿನ ಕಾಲದಲ್ಲಿ ನವೀಕರಣಗೊಂಡು, ಅವರ ಮಗಳ ಹೆಸರು ಪಡೆದ ಪಳ್ಳಿ ಅದು. ನಿಮ್ಮ ಜಮಾಅತ್‌ನಲ್ಲೂ ಹಳೆ ಕಟ್ಟಡ ಇದ್ದರೆ, ಹೊಸದು ಕಟ್ಟುವ ಮಾತು ಬಂದಾಗ ಹಳೆಯದನ್ನು ಉಳಿಸಿ ಪಕ್ಕದಲ್ಲಿ ಕಟ್ಟಲು ಸಾಧ್ಯವೇ ಎಂದು ಕೇಳಿ. ಸಾಧ್ಯವೇ ಇಲ್ಲದಿದ್ದರೆ ಬಾಗಿಲು, ಕಂಬ, ಬರಹದ ಕಲ್ಲುಗಳನ್ನಾದರೂ ತೆಗೆದಿಡಿ.

ಕಲ್ಲಿಕೋಟೆಗೆ ಹೋಗುವಾಗ ಕಮಿಟಿಯ ಒಬ್ಬಿಬ್ಬರನ್ನೂ ಜೊತೆಗೆ ಕರ್ಕೊಂಡು ಹೋಗಿ. ನೋಡಿ ಬಂದವರಿಗೆ ಹೇಳುವುದು ಸುಲಭ.